ತಕ್ಕಡಿ ಹಿಡಿದು ಉಂಡ ಊಟಗಳು

ಭಾಂಡುಪಿನ ಆ ಹಿಟ್ಟಿನ ಗಿರಣಿಯ ಮುಂದೆ ನಾನು ಮೂರನೆಯ ಸಲ ನಿಂತಿದ್ದೆ. ಹೆಗಲಲ್ಲಿ ತಕ್ಕಡಿಯ ಚೀಲ, ಕೈಯಲ್ಲಿ ಮನೆಗಳ ಪಟ್ಟಿ.

“ಕಲ್ಲುಗಣಿಯವರ ಚಾಳು ಎಲ್ಲಿ ಬರುತ್ತೆ?”

“ಹಿಂಗ ಹೋಗ್ರಿ, ನಾಲಾ ದಾಟ್ರಿ, ಎಡಕ್ಕ ಹೊಳ್ರಿ,” ಎಂದ ಗಿರಣಿಯವ, ಮೊದಲೆರಡು ಸಲ ಹೇಳಿದಷ್ಟೇ ಪ್ರೀತಿಯಿಂದ.

ರಂಗೂನಿನಲ್ಲಿ, ಏಡನ್ನಿನಲ್ಲಿ, ಲಂಡನ್ನಿನ ಮಂಜಿನಲ್ಲಿ ದಾರಿ ತಪ್ಪದವಳು ನಾನು. ಮುಂಬಯಿಯ ಉಪನಗರಗಳಲ್ಲಿ ಬಡವರ ಆಹಾರ ಸಮೀಕ್ಷೆಗೆ ಸೇರಿದ ಮೇಲೆ ಮಾತ್ರ ವಾರಕ್ಕೊಮ್ಮೆಯಾದರೂ ಹೀಗೆ ಮಾನ ಕಳೆದುಕೊಳ್ಳುವುದು ರೂಢಿಯಾಗಿಬಿಟ್ಟಿತ್ತು. ನಾಲ್ಕನೆಯ ಸುತ್ತಿಗೆ ಗಿರಣಿಯವನೇ ಎದ್ದು ಬಂದು ಚಾಳು ತೋರಿಸಿದ. ಒಂದಕ್ಕೊಂದು ಅಂಟಿದ ಬಾಡಿಗೆ ಕೋಣೆಗಳ ಆ ಸಾಲು ಗಿರಣಿಯ ಹಿಂಗೋಡೆಗೇ ಅಂಟಿಕೊಂಡಿತ್ತು.

ಹತ್ತು ತೊಲ ತುಪ್ಪ

ನಮ್ಮ ಕೆಲಸ ಸರಳ. ಬರುವ ದಿನವನ್ನು ಮೊದಲೇ ಹೇಳಿ ಕಳಿಸುವುದು, ಹೋಗಿ ಒಲೆಗೇರುವ ಮುಂಚೆ ಕಾಳು, ಹಿಟ್ಟು, ಎಣ್ಣೆ ಎಲ್ಲ ತೂಗಿ ಬರೆದುಕೊಳ್ಳುವುದು. ಹಾಲು ಕಾಣದ ಮನೆಯ ಮಕ್ಕಳಿಗೆ ಪರದೇಶದಿಂದ ಬಂದ ಹಾಲಿನ ಪುಡಿ ಸಿಗುತ್ತಿತ್ತು.

ಅಂದಿನ ಮನೆಯಾಕೆ ವಿಜಾಪುರದ ಕಡೆಯವಳು. ಗಂಡ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ. ನಾಲ್ಕು ವರ್ಷದ ಮಗಳು ಕಡ್ಡಿಯಂತಿದ್ದಳು. ನಾನು ತೂಗಿದೆ: ಗೋಧಿ ಹಿಟ್ಟು, ಕಡಲೆಬೇಳೆ, ಬೆಲ್ಲ, ಹತ್ತು ತೊಲ ತುಪ್ಪ, ಒಂದು ಸೇರು ಹಾಲು.

“ದಿನಾ ಇಷ್ಟು ಇರುತ್ತಾ?”

“ಹೂಂನ್ರಿ ಅಕ್ಕಾರ, ದಿನಾ.”

ಹುಡುಗಿ ಆ ಹಾಲಿನ ತಂಬಿಗೆಯನ್ನು ಸರ್ಕಸ್ಸಿನ ಆನೆ ನೋಡಿದ ಹಾಗೆ ನೋಡುತ್ತಿದ್ದಳು. ಅದು ನನಗೆ ಕಾಣಿಸಿತು. ಆದರೆ ಹುಡುಗಿಯ ಕಣ್ಣು ಬರೆಯಲು ನಮ್ಮ ಫಾರ್ಮಿನಲ್ಲಿ ಜಾಗವಿರಲಿಲ್ಲ. ಅಡುಗೆಯಾದ ಮೇಲೆ ಊಟಕ್ಕೆ ಕೂರಿಸಿದರು; ನಾಲ್ಕು ಹೋಳಿಗೆ ಉಂಡೆ. ಐದನೆಯದು ಬಂದಾಗ ಮಾತ್ರ ಎಲೆಗೆ ಕೈ ಅಡ್ಡ ಹಿಡಿದೆ. ಸಮೀಕ್ಷೆಗೆ ಬಂದವರು ಹೆಚ್ಚು ತಿಂದರೆ ಅಂಕಿಅಂಶ ಕೆಡುತ್ತದೆ ಎಂದು ಕಾರಣ ಕೊಟ್ಟೆ.

ಕಾಂದಿವಲಿಯ ಅಡುಗೆಯವರು

ಆಮೇಲಿನ ವಾರ ಕಾಂದಿವಲಿ. ಉಡುಪಿ ಕಡೆಯ ಹೋಟೆಲಿನ ಅಡುಗೆಯವರೊಬ್ಬರನ್ನು, “ನಿನ್ನೆ ಏನೇನಿತ್ತು?” ಎಂದು ಕೇಳಿದೆ.

“ಇಡ್ಲಿ, ವಡೆ, ಮಸಾಲೆ ದೋಸೆ, ಶಿರಾ, ಗೋಳಿಬಜೆ…” ಒಂದೇ ಉಸಿರಿಗೆ ಎರಡು ಹಾಳೆ ತುಂಬಿಸಿದರು.

“ಇಷ್ಟೂ ತಿಂದಿರಾ?”

“ತಿಂದದ್ದಾ? ನೀವು ಇದ್ದದ್ದು ಕೇಳಿದ್ದಲ್ವಾ ಅಕ್ಕ? ತಿಂದದ್ದು ಗಂಜಿ.”

ಎರಡೂ ಹಾಳೆ ಹರಿದು ಹಾಕಿದೆ. ಭಾಂಡುಪಿನ ಹಾಳೆ ಹರಿಯುವ ಬುದ್ಧಿ ಮಾತ್ರ ಆಗಲೂ ಬರಲಿಲ್ಲ.

ಖಾಲಿ ಬಟ್ಟಲು

ಎರಡು ತಿಂಗಳ ಮೇಲೆ ಹಾಲು ಹಂಚುವಲ್ಲಿಗೆ ಹೋದೆ. ಸಾಲಿನ ಹೊರಗೆ, ಬಟ್ಟಲು ಹಿಡಿದುಕೊಂಡು ಅದೇ ಹುಡುಗಿ. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ನನ್ನದೇ ಕೈಬರಹ: ‘ಅಗತ್ಯವಿಲ್ಲ.’

ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀವು ಬರಕೊಂಡದ್ದು ಖರೇನ ಐತ್ರಿ. ಅವತ್ತ ಉಂಡೇವಲ್ಲ,” ಎಂದಳು.

“ಉಳಿದ ದಿನ?”

“ಜ್ವಾಳದ ರೊಟ್ಟಿ, ಖಾರ. ಮನೀಗೆ ಬಂದವರ ಮುಂದ ಅದನ್ನ ಹೆಂಗ ತೂಗಸೂದ್ರಿ?”

ಆಕೆ ಒಂದೊಂದೇ ಬಿಡಿಸಿ ಹೇಳಿದಳು: ಅಂದಿನ ತುಪ್ಪ ಮೇಲಿನ ಖೋಲಿಯವರದು, ಬೇಳೆ ಬೆಲ್ಲ ಪಕ್ಕದವರದು, ಹಾಲು ಗೌಳಿಯವನದು, ಹಿಟ್ಟು ಗಿರಣಿಯವನದು.

“ತುಪ್ಪ ಬರೂತನಕಾ ನಿಮ್ಮನ್ನ ತಿರುಗ್ಯಾಡಸು ಅಂತ ಆ ಗಿರಣಿಯವಗ ನಾವ ಹೇಳಿದ್ವಿರಿ.”

“ಹಾಗಾದರೆ ನಿಮ್ಮದು ಅಂತ ಏನಿತ್ತು?”

“ಉಪ್ಪ ನಮ್ಮದರೀ.”

ದೊಡ್ಡ ಡಾಕ್ಟರ ಪ್ರಶ್ನೆ

ನೇರ ಆಫೀಸಿಗೆ ಹೋಗಿ, ಸಮೀಕ್ಷೆ ನಡೆಸುತ್ತಿದ್ದ ನಮ್ಮ ದೊಡ್ಡ ಡಾಕ್ಟರ ಮುಂದೆ ಭಾಂಡುಪಿನ ಹಾಳೆ ಇಟ್ಟು, ಇದು ತಪ್ಪು ಎಂದೆ.

“ತೂಕದಲ್ಲಿ ತಪ್ಪಾಯಿತೇ?” ಎಂದರು.

“ತೂಕ ಸರಿಯಾಗಿದೆ. ಒಂದು ಮನೆ ಅಂದುಕೊಂಡು ಇಡೀ ಚಾಳನ್ನು ತೂಗಿದ್ದೇನೆ.”

ಅವರು ಕನ್ನಡಕ ತೆಗೆದರು. “ಹೋದ ಮನೆಗಳಲ್ಲೆಲ್ಲ ಊಟ ಮಾಡಿದಿರಾ?”

“ಮಾಡಿದೆ.”

“ಎಲ್ಲ ಕಡೆಯೂ ಸಿಹಿ ಇತ್ತೇ?”

ನನ್ನ ಮುಖ ನೋಡಿ, ಫಾರ್ಮುಗಳ ಇಡೀ ಕಟ್ಟನ್ನೇ ನನ್ನ ಕಡೆ ತಳ್ಳಿದರು. ಹುಡುಗಿಯ ಹೆಸರು ಅಂದೇ ಪಟ್ಟಿಗೆ ಸೇರಿತು. ಉಳಿದ ಮನೆಗಳಿಗೆ ನಾನು ಮತ್ತೆ ಹೋಗಬೇಕು, ಈ ಸಲ ಮುಂಚೆ ಹೇಳದೆ.

ಬಾಗಿಲು ದಾಟುವಾಗ ಹಿಂದಿನಿಂದ ಅವರ ದನಿ: “ಊಟದ ಡಬ್ಬಿ ಕಟ್ಟಿಕೊಂಡು ಹೋಗಿ.”

ಹೋಳಿಗೆಯ ಋಣ

ಸುದ್ದಿ ತಿಳಿಸಲು ಹೋದಾಗ ಆ ತಾಯಿ, “ಹಾಲಿಂದು ಮುಗೀತ್ರಿ. ನಮ್ಮ ಹೋಳಿಗಿ ಋಣ ಯಾವಾಗ ತೀರಸ್ತೀರಿ?” ಎಂದು ನಕ್ಕಳು. ಭಾನುವಾರ ಮಾಟುಂಗದ ನನ್ನ ಕೋಣೆಗೆ ತಾಯಿ ಮಗಳಿಬ್ಬರನ್ನೂ ಊಟಕ್ಕೆ ಕರೆದೆ.

ದೇಶದೇಶ ಸುತ್ತಿದ ನನಗೆ ಬರುವ ಅಡುಗೆ ಚಹಾ ಒಂದೇ. ಆದರೂ ಅವರು ಬಂದಾಗ ಪೂರಿ, ಶ್ರೀಖಂಡ, ಎರಡು ಬಗೆಯ ಪಲ್ಯ, ಅನ್ನಕ್ಕೆ ತುಪ್ಪ ಎಲ್ಲ ಸಿದ್ಧವಾಗಿತ್ತು. ಹುಡುಗಿ ಯಾರ ಮುಖವನ್ನೂ ನೋಡದೆ ಉಂಡಳು. ತಾಯಿ ಮಾತ್ರ ಗೂಟಕ್ಕೆ ತೂಗುಹಾಕಿದ್ದ ತಕ್ಕಡಿಯನ್ನು ಕೆಳಗಿಳಿಸಿ, ತುಪ್ಪದ ಡಬ್ಬಿಯನ್ನು ಅದರಲ್ಲಿಟ್ಟು, ಥೇಟ್ ನನ್ನ ಹಾಗೆ ಹುಬ್ಬು ಗಂಟಿಕ್ಕಿ ಕೇಳಿದಳು: “ಅಕ್ಕಾರ, ದಿನಾ ಇಷ್ಟು ಇರತೈತೇನ್ರಿ?”

ಹಿಂದಿನ ದಿನ ನಾನು ಉಂಡದ್ದು ಇರಾನಿ ಹೋಟೆಲಿನ ಬ್ರೆಡ್ಡು, ಚಹಾ. ನಿಜ ಹೇಳಬೇಕೆಂದೇ ಬಾಯಿ ತೆರೆದೆ.

“ಹೂಂ, ದಿನಾ,” ಅಂದುಬಿಟ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಎದುರುಮನೆಯ ಗುಜರಾತಿ ಬೆಹೆನ್. ತಮ್ಮಲ್ಲೂ ನೆಂಟರು ಬಂದಿದ್ದಾರೆ, ತುಪ್ಪದ ಡಬ್ಬಿ ಈಗಲೇ ಬೇಕು, ಪೂರಿಯ ಬುಟ್ಟಿ ಬೇಕಾದರೆ ಆಮೇಲೆ ಕೊಡಿ ಎಂದು ಹಿಂದಿಯಲ್ಲಿ ಹೇಳಿ, ತಕ್ಕಡಿಯಿಂದಲೇ ಡಬ್ಬಿ ಎತ್ತಿಕೊಂಡು ಹೋದರು.

ವಿಜಾಪುರದಾಕೆ ಸೆರಗು ಬಾಯಿಗಿಟ್ಟು ಎಷ್ಟೋ ಹೊತ್ತು ನಗುತ್ತ ಅಲುಗಾಡಿದಳು. ಆಮೇಲೆ ಕಣ್ಣೊರೆಸಿಕೊಂಡು, “ಋಣ ತೀರಿತ್ರಿ. ಉಪ್ಪಾದ್ರೂ ನಿಮ್ಮದೇನ್ರಿ ಅಕ್ಕಾರ?” ಎಂದಳು.

ಅದೂ ಎದುರುಮನೆಯದೇ.