ಕಾರಿಲ್ಲದ ಷೆಡ್ಡಿನಲ್ಲಿ ನೀರು

ಕಾರಿಲ್ಲದ ಕಾರ್‌ಷೆಡ್ಡನ್ನು ದಿನವೂ ನೋಡಿಕೊಂಡು ಬದುಕುವ ಕಷ್ಟ ಎರಡೂ ಇರುವವರಿಗೆ ಗೊತ್ತಾಗುವುದಿಲ್ಲ. ಎರಡೂ ಇಲ್ಲದವರಿಗೆ ಹೇಳಿದರೆ ಹೊಟ್ಟೆ ತುಂಬಿದವನ ಗೋಳು ಎನ್ನುತ್ತಾರೆ. ಆದ್ದರಿಂದ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ. ನಮ್ಮ ಷೆಡ್ಡು ಹಿಂದೂಪುರದಲ್ಲಿದೆ, ಕಾರು ಕಲ್ಯಾಣದುರ್ಗದಲ್ಲಿದೆ. ಗಂಡನಾದ ನಾನು ಷೆಡ್ಡಿನ ಪಾಲಿಗೆ, ಹೆಂಡತಿ ಕಾರಿನ ಪಾಲಿಗೆ.

ನನ್ನ ಹೆಂಡತಿ ಶೋಭಾರಾಣಿ ದನದ ಡಾಕ್ಟರು. (ಅವಳ ಎದುರಿಗೆ ‘ಪಶುವೈದ್ಯಾಧಿಕಾರಿ’ ಎನ್ನಬೇಕು.) ಹೋದ ವರ್ಷ ಅವಳಿಗೆ ಕಲ್ಯಾಣದುರ್ಗಕ್ಕೆ ವರ್ಗವಾಯಿತು. ಬೆಳುಗುಪ್ಪ, ಬ್ರಹ್ಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಕುರಿಗಳಿಗೆ ಸೂಜಿ ಚುಚ್ಚುತ್ತ ತಿರುಗಬೇಕಾದ್ದರಿಂದ ಕಾರನ್ನೂ ತೆಗೆದುಕೊಂಡು ಹೋದಳು. ನನಗೆ ಕಾರು ಓಡಿಸಲು ಬರುವುದಿಲ್ಲ; ಟಿವಿಎಸ್ ಮೊಪೆಡ್ಡಿನ ಮೇಲೆ ನನಗೆ ಎಷ್ಟು ಹಿಡಿತವಿದೆಯೋ ಅಷ್ಟೇ ಈ ಜಗತ್ತಿನ ಮೇಲಿರುವುದು. ಹೀಗಾಗಿ ಕಾರು ಹೋದ ದಿನವೇ ಮನೆಯ ಕಾರುಬಾರೂ ಹೋಯಿತು. ಮಗಳು ಸುಷ್ಮಾ ತಿರುಪತಿಯ ಹಾಸ್ಟೆಲಿನಲ್ಲಿ ಓದುತ್ತಾಳೆ. ಉಳಿದವನು ನಾನೊಬ್ಬ.

ನಮ್ಮದು ನೇಯ್ಗೆಯ ಮನೆತನ. ಅಪ್ಪನ ಕಾಲಕ್ಕೆ ಮಗ್ಗವಿತ್ತು. ನಾನು ನೇಯುವವರಿಂದ ರೇಷ್ಮೆ ಸೀರೆ ತೆಗೆದು ಅಂಗಡಿಗಳಿಗೆ ಕೊಡುತ್ತೇನೆ. ಈಗ ಆ ವ್ಯವಹಾರವೆಲ್ಲ ಫೋನಿನಲ್ಲೇ ನಡೆಯುತ್ತದೆ. ಅವರು ಸೀರೆಯ ಫೋಟೋ ಕಳಿಸುತ್ತಾರೆ, ನಾನು ಮುಂದಕ್ಕೆ ಕಳಿಸುತ್ತೇನೆ. ದಿನವಿಡೀ ಸೀರೆ ನೋಡುತ್ತೇನೆ, ಒಂದರೊಳಗೂ ಮನುಷ್ಯರಿರುವುದಿಲ್ಲ.

ದಿನವೂ ದೀಪ ಹಚ್ಚುವ ಹೊತ್ತಿಗೆ ಶೋಭಾ ಫೋನು ಮಾಡುತ್ತಿದ್ದಳು. ನಮ್ಮ ದಾಂಪತ್ಯ ಸಂಭಾಷಣೆ ಹೀಗಿರುತ್ತಿತ್ತು.

“ಊಟಕ್ಕೇನು ಮಾಡ್ಕಂಡ್ರಿ?”

“ಅನ್ನ, ಸಾರು. ನೀನು?”

“ಅನ್ನ, ಸಾರು.”

“ಮತ್ತೇನು ಸಮಾಚಾರ?”

“ಏನೂ ಇಲ್ಲ. ಇಡ್ತೀನಿ.”

ಇದರಲ್ಲಿ ಜಗಳವಿಲ್ಲ, ಕೋಪವಿಲ್ಲ. ಒಂದೇ ಮನೆಯಲ್ಲಿದ್ದಾಗ ನಾವು ಟವೆಲ್ ಎಲ್ಲಿ ಒಣಗಹಾಕಬೇಕು ಎಂಬುದರ ಮೇಲೆ ಅರ್ಧ ದಿನ ಮಾತಾಡಿದವರು. ದೂರವಾದ ಮೇಲೆ ಮಾತಾಡಲು ಟವೆಲ್ಲೂ ಇಲ್ಲದಂತಾಯಿತು.

ಹೀಗಿರುವಾಗ ನಮ್ಮ ಬೀದಿಗೆ ಸಿಮೆಂಟು ರಸ್ತೆ ಬಂತು. ಹಳೆಯ ರಸ್ತೆಯ ಮೇಲೆಯೇ ಹೊಸದನ್ನು ಹೇರಿದ್ದರಿಂದ ರಸ್ತೆ ಮೇಲಾಯಿತು, ನಮ್ಮ ಷೆಡ್ಡು ಕೆಳಗಾಯಿತು. ಆಮೇಲೆ ಬಂದ ಮೊದಲ ಮಳೆಗೆ ಬೀದಿಯ ನೀರೆಲ್ಲ ಗೇಟಿನ ಕೆಳಗೆ ನುಸುಳಿ, ಷೆಡ್ಡಿನೊಳಗೆ ಬಂದು, ಮನೆಯ ಅಳಿಯನಂತೆ ಕೂತುಬಿಟ್ಟಿತು. ಷೆಡ್ಡಿನ ನೆಲದ ವಾಟ, ಅಂದರೆ ಇಳಿಜಾರು, ಹೊರಗಡೆಗೆ ಇರಬೇಕಾದಲ್ಲಿ ಒಳಗಡೆಗೆ ಇತ್ತು. ಬಂದ ನೀರಿಗೆ ಹೋಗಲು ದಾರಿಯಿಲ್ಲ, ಮನಸ್ಸೂ ಇಲ್ಲ.

ಅವತ್ತಿನ ಫೋನಿನಲ್ಲಿ “ಷೆಡ್ಡೊಳಗೆ ನೀರು ನಿಂತೈತೆ” ಎಂದೆ.

“ನೀರಾ? ಎಷ್ಟೈತೆ?”

“ಹಿಮ್ಮಡಿ ಮುಳುಗ್ತೈತೆ.”

“ಬಣ್ಣ ಹೆಂಗೈತೆ? ವಾಸ್ನೆ ಏನಾರ ಐತಾ? ಯಾವಾಗಿಂದ ಹಿಂಗಾಗೈತೆ?”

(ಅವಳು ಯಾವುದನ್ನಾದರೂ ಹೀಗೆಯೇ ವಿಚಾರಿಸುತ್ತಾಳೆ. ನನಗೆ ಜ್ವರ ಬಂದಾಗ ಮೇವು ತಿನ್ನುತ್ತಿದ್ದೀರಾ ಎಂದು ಕೇಳಿದ್ದಳು.) ಅವತ್ತು ಫೋನು ಇಡುವ ಹೊತ್ತಿಗೆ ನನ್ನ ಕಿವಿ ಬಿಸಿಯಾಗಿತ್ತು. ಎಷ್ಟೋ ದಿನಗಳ ಮೇಲೆ ಅನ್ನ ಸಾರು ರುಚಿಯಾಗಿತ್ತು.

ಮರುದಿನದಿಂದ ನಾನು ಭಗೀರಥನ ತದ್ವಿರುದ್ಧ ಕಾರ್ಯಕ್ಕೆ ಇಳಿದೆ. ಅವನು ಗಂಗೆಯನ್ನು ಬರಮಾಡಿಕೊಂಡ, ನಾನು ಕಳಿಸಿಕೊಡಬೇಕಿತ್ತು. ಪೊರಕೆಯಲ್ಲಿ ತಳ್ಳಿದೆ, ಗೇಟಿನವರೆಗೆ ಹೋಗಿ ಹಿಂದಿರುಗಿತು. ಮರಳು ಸುರಿದೆ, ಕೆಸರಾಯಿತು. ಕೊನೆಗೆ ಮಹಾ ಯೋಚನೆಯೊಂದು ಹೊಳೆದು, ಗೇಟಿಗೆ ಅಡ್ಡಲಾಗಿ ಇಟ್ಟಿಗೆ ಜೋಡಿಸಿ ಸಿಮೆಂಟು ಮೆತ್ತಿ ಒಂದು ಕಟ್ಟೆ ಕಟ್ಟಿದೆ. ಮುಂದಿನ ಮಳೆಗೆ ಬೀದಿಯ ನೀರು ಒಳಗೆ ಬರಲಿಲ್ಲ, ನಿಜ. ಆದರೆ ಷೆಡ್ಡಿನ ತಗಡು ಸೋರಿ ಬಿದ್ದ ನೀರು ಹೊರಗೆ ಹೋಗಲೂ ಇಲ್ಲ. ಮೊದಲು ಹಿಮ್ಮಡಿ ಮುಳುಗುತ್ತಿತ್ತು, ಈಗ ಮೀನಖಂಡ ಮುಳುಗಿತು.

ಪಕ್ಕದ ಮನೆಯ ಓಬಕ್ಕ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದಳು. ಬೀದಿಯ ಸಮಾಚಾರವೆಲ್ಲ ಅವಳ ಕಣ್ಣಿನ ಮುಂದೆ ಹಾದೇ ಹೋಗಬೇಕು. “ಏನ್ ಗಂಗಾಧರಣ್ಣ, ಕೆರೆ ಕಟ್ಟಿಸ್ಬುಟ್ಟಲ್ಲಪ್ಪ. ಇನ್ನ ಮೀನು ಬಿಡೋದೊಂದು ಬಾಕಿ ಕಣಪ್ಪ” ಎಂದಳು.

ಶೋಭಾಳಿಗೆ ವರದಿ ಒಪ್ಪಿಸಿದೆ.

“ಯಾರ್ರೀ ನಿಮಗೆ ಕಟ್ಟೆ ಕಟ್ಟು ಅಂದಿದ್ದು? ಹೊಟ್ಟೆ ಉಬ್ಬರಿಸಿದ ಹಸುಗೆ ಬಾಯಿ ಬಿಗಿದಂಗಾಯ್ತು. ಮೊದ್ಲು ಒಡೆದು ಹಾಕ್ರಿ ಅದನ್ನ.”

“ಸಿಮೆಂಟು ಗಟ್ಟಿ ಆಗ್ಬುಟ್ಟೈತೆ.”

“ನಿಮ್ ಕೈಯಾಗೆ ಗಟ್ಟಿ ಆಗಿದ್ದು ಅದೊಂದೇ ನೋಡ್ರಿ.”

ಎಷ್ಟು ಚೆನ್ನಾಗಿ ಬೈಯುತ್ತಾಳೆ ಎಂಬುದನ್ನು ಮರೆತೇಬಿಟ್ಟಿದ್ದೆ.

ಕೊನೆಗೆ ಗಾರೆ ಕೆಲಸದವರನ್ನು ಕರೆಸಿದೆ. ಅವರು ಕಟ್ಟೆ ಒಡೆದು, ನೆಲ ಕೆತ್ತಿ, ವಾಟ ಸರಿಮಾಡಿ, ಗೋಡೆಯ ಪಕ್ಕ ಸಣ್ಣ ಕಾಲುವೆ ತೆಗೆದು, ಅದರ ಕೊನೆಗೆ ಪೈಪು ಕೂರಿಸಿ, ಅದನ್ನು ಹೊರಗಿನ ಚರಂಡಿಗೆ ಬಿಟ್ಟರು. ಮುಂದಿನ ಮಳೆಯಲ್ಲಿ ನಾನು ಛತ್ರಿ ಹಿಡಿದು ಷೆಡ್ಡಿನ ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಂದ ನೀರು ಬಂದ ಹಾಗೆಯೇ ಪಕ್ಕಕ್ಕೆ ತಿರುಗಿ ಪೈಪಿನಲ್ಲಿ ಇಳಿದು ಹೋಯಿತು. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೆಲ ಒಣಗಿತು. ಓಬಕ್ಕ ಇಣುಕಿ “ನೀಳ್ಳನ್ನೀ ಪೋಯಿನಾಯಿ, ಬಿಡಪ್ಪ” ಎಂದು ತೆಲುಗಿನಲ್ಲಿ ಸರ್ಟಿಫಿಕೇಟು ಕೊಟ್ಟಳು.

ನೀರೆಲ್ಲ ಹೋಯಿತು. ನಾನು ಸಂತೋಷಪಡಬೇಕಾಗಿತ್ತು. ಒಣಗಿದ ನೆಲವನ್ನು ನೋಡುತ್ತ ನಿಂತವನಿಗೆ, ಬಂದಿದ್ದ ನೆಂಟರನ್ನು ಬಸ್ಸು ಹತ್ತಿಸಿ ಬಂದ ಹಾಗೆ ಅನ್ನಿಸಿತು.

ಸಂಜೆ ಫೋನು ಬಂತು. ಸಿಹಿಸುದ್ದಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ “ಇವತ್ತು ಎಷ್ಟೈತ್ರೀ ನೀರು?” ಎಂದಳು. ದನಿ ದಣಿದಿತ್ತು. ಹಿಂದೆ ತಟ್ಟೆಗೆ ಸೌಟು ತಾಗಿದ ಸದ್ದು ಕೇಳಿಸಿತು, ಒಬ್ಬಳೇ ಬಡಿಸಿಕೊಳ್ಳುತ್ತಿದ್ದಳು. ನೀರಿಲ್ಲ ಎಂದರೆ ಮುಂದಿನ ಮಾತು ಅನ್ನ ಸಾರು, ಅದರ ಮುಂದಿನದು ಇಡ್ತೀನಿ.

“ಹಂಗೇ ಐತೆ” ಎಂದೆ.

ಹೀಗೆ ನಮ್ಮ ಷೆಡ್ಡಿನಲ್ಲಿ ಇಲ್ಲದ ನೀರು ನಿಂತಿತು. ಕುರಿಗಳಿಗೆ ಲಸಿಕೆ ಹಾಕುವ ಕಾಲವಾದ್ದರಿಂದ ಅವಳಿಗೆ ಭಾನುವಾರವೂ ಊರಿಗೆ ಬರಲು ಬಿಡುವಿರಲಿಲ್ಲ. ನನಗೆ ಧೈರ್ಯ ಬಂತು. ಒಂದು ದಿನ ನೀರು ಒಂದು ಬೆರಳು ಇಳಿಸಿದೆ, ಮರುದಿನ ಏರಿಸಿದೆ. ಬೇಸರವಾಗದಿರಲಿ ಎಂದು ಒಂದು ಕಪ್ಪೆ ತಂದೆ. (ಮಾತಿನಲ್ಲಿ.)

“ಯಾವ ಬಣ್ಣ?” ಎಂದಳು.

“ಹಳದಿ. ಇಟ್ಟಿಗೆ ಮೇಲೆ ಕುಂತ್ಕಂಡು ನನ್ನೇ ನೋಡ್ತೈತೆ.”

“ಒಂದೇನಾ?”

ಅವಳ ದನಿ ಕೇಳಿ ಯಾಕೋ ತಡೆಯಲಾಗಲಿಲ್ಲ. “ಇವತ್ತು ಇನ್ನೊಂದು ಬಂದೈತೆ” ಎಂದೆ.

ಆ ಕಡೆ ಸೌಟು ಕೆಳಗಿಟ್ಟ ಸದ್ದಾಯಿತು. ಆಮೇಲೆ “ಪುಣ್ಯ ಮಾಡೈತೆ ಬಿಡ್ರಿ” ಎಂದಳು.

ಇಷ್ಟೆಲ್ಲ ಕೇಳಿದವಳು ಒಂದು ಸಲವೂ ಫೋಟೋ ಕಳಿಸಿ ಎನ್ನಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಒಂದು ಶುಕ್ರವಾರ ಅವಳು “ನಾಳೆ ಬತ್ತೀನಿ. ಜೊತೆಗೆ ಒಬ್ರು ಬತ್ತಾರೆ. ಯಾತಕ್ಕೆ ಅಂತ ಬಂದ್ಮೇಲೆ ಹೇಳ್ತೀನಿ” ಎಂದಳು. ಷೆಡ್ಡು ಬೇಸಿಗೆಯ ಹೊಲದಂತೆ ಒಣಗಿ ಬಿದ್ದಿತ್ತು. ಇಷ್ಟು ದಿನ ಹೇಳಿದ ನೀರನ್ನು ಎಲ್ಲಿಂದ ತರಲಿ?

ಶನಿವಾರ ಬೆಳಿಗ್ಗೆ ಸಂಪಿನ ಮೋಟರು ಹಾಕಿ, ರಬ್ಬರು ಪೈಪು ಎಳೆದು ಷೆಡ್ಡಿಗೆ ನೀರು ಬಿಟ್ಟೆ. ಬಿಟ್ಟ ನೀರೆಲ್ಲ ಸರ್ರನೆ ಚರಂಡಿಗೆ ಹೋಯಿತು. ಗಾರೆಯವರ ಮೇಲೆ ನನಗೆ ಎಲ್ಲಿಲ್ಲದ ಕೋಪ ಬಂತು. ಹಳೆಯ ಲುಂಗಿಯೊಂದನ್ನು ಉಂಡೆ ಮಾಡಿ ಚರಂಡಿಗೆ ಹೋಗುವ ಪೈಪಿನ ಬಾಯಿಗೆ ತುರುಕಿದೆ. ಆಮೇಲೆ ನೀರು ನಿಂತಿತು. ಸಹಜವಾಗಿ ಕಾಣಲಿ ಎಂದು ಸ್ವಲ್ಪ ಮಣ್ಣು ಕಲಸಿದೆ, ಬೇವಿನೆಲೆ ತೇಲಿಬಿಟ್ಟೆ. ಕಪ್ಪೆ ಸಿಗಲಿಲ್ಲ. ಬೇಕಾದಾಗ ಯಾವುದು ಸಿಗುತ್ತದೆ?

ರಬ್ಬರು ಪೈಪು ಸುತ್ತಿಡುವಷ್ಟರಲ್ಲಿ ಬಾಗಿಲಲ್ಲಿ ಎರಡು ಕಾರು ನಿಂತವು. ಒಂದು ನಮ್ಮದು. ಇನ್ನೊಂದು ಸೀಟಿನ ಪ್ಲಾಸ್ಟಿಕ್ಕೂ ತೆಗೆಯದ ಹೊಚ್ಚಹೊಸ ಬಿಳಿ ಕಾರು. ಅದರಿಂದ ಇಸ್ತ್ರಿ ಮಾಡಿದ ಕೆನೆಬಣ್ಣದ ಪ್ಯಾಂಟು ತೊಟ್ಟ ಒಬ್ಬರು ಇಳಿದರು.

“ಇವರು ಮುರಳಿಕೃಷ್ಣ ಸಾರ್ ಅಂತ, ಲೆಕ್ಚರರು. ಕಲ್ಯಾಣದುರ್ಗದಿಂದ ಇಲ್ಲಿಗೆ ವರ್ಗ ಆಗೈತೆ. ಬಾಡಿಗೆ ಮನೆ ಹುಡುಕ್ತಾವ್ರೆ, ಕಾರಿಗೆ ಒಳ್ಳೆ ಷೆಡ್ಡೇ ಬೇಕಂತೆ” ಎಂದ ಶೋಭಾ ನನ್ನ ಕಡೆ ನೋಡಿ ನಕ್ಕಳು. ಆ ನಗೆಯಲ್ಲಿ ಏನೋ ಇತ್ತು. “ಬನ್ನಿ ಸಾರ್, ಮೊದ್ಲು ಷೆಡ್ಡೇ ನೋಡ್ಬುಡ್ರಿ. ಒಂದು ಹನಿ ನೀರು ನಿಲ್ಲಲ್ಲ” ಎಂದು ಅವಳೇ ಷೆಡ್ಡಿನ ಗೇಟು ತೆರೆದಳು.

ಬೇವಿನೆಲೆಗಳು ತೇಲುತ್ತಿದ್ದವು.

ಶೋಭಾ ನೀರನ್ನು ನೋಡಿದಳು. ಆಮೇಲೆ ಮೊಣಕಾಲವರೆಗೆ ಒದ್ದೆಯಾಗಿದ್ದ ನನ್ನ ಲುಂಗಿಯನ್ನು ನೋಡಿದಳು. ನನ್ನ ಮುಖದ ನೀರು ಇಳಿದದ್ದು ನನಗೇ ಗೊತ್ತಾಯಿತು. ಆ ಹೊತ್ತಿಗೆ ಇಳಿದ ನೀರು ಅದೊಂದೇ.

“ಒಂದು ಹನಿ ಅಂದ್ರಲ್ಲ ಮೇಡಂ” ಎಂದರು ಮುರಳಿಕೃಷ್ಣ. ಆಕಾಶ ನೋಡಿದರು, ಮೋಡವಿರಲಿಲ್ಲ. “ಈ ವಾರ ಮಳೆನೇ ಇಲ್ಲ. ಅಂದ್ರೆ ನೆಲದೊಳಗಿಂದಾನೇ ಬತ್ತಾ ಐತೆ. ಇದಿ ಊಟ, ಸಾರ್.”

(ತೆಲುಗಿನಲ್ಲಿ ಊಟ ಎಂದರೆ ನೆಲದಿಂದ ಒಸರುವ ಬುಗ್ಗೆ. ಹುಟ್ಟಿದಾಗಿನಿಂದ ಎರಡು ಭಾಷೆಯಲ್ಲೂ ಬದುಕಿದ ನನಗೆ ಇದು ಗೊತ್ತು. ಆದರೆ ಆ ಗಲಿಬಿಲಿಯಲ್ಲಿ ಮರೆತುಹೋಯಿತು.)

“ಮಾಡ್ಕಂಡೇ ಹೋಗ್ರಿ ಸಾರ್, ಅನ್ನ ಸಾರು ಆಗೈತೆ” ಎಂದೆ.

ಅವರು ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ನಿಜ ಹೇಳಿದೆ.

“ಸಾರ್, ಅದು ಬುಗ್ಗೆ ಅಲ್ಲ. ನಾನೇ ಈಗ ಹಾಕಿದ ನೀರು.”

“ಯಾಕೆ?”

ಗುರುತಿಲ್ಲದವರ ಹತ್ತಿರ ಅದಕ್ಕೆ ಏನು ಉತ್ತರ ಹೇಳಲಿ? “ಸುಮ್ನೆ” ಎಂದೆ.

“ಮನೆ ಬಾಡಿಗೆಗೆ ಹೋಗ್ಲಿ ಅಂತ ಸುಳ್ಳು ಹೇಳೋರನ್ನ ಬೇಕಾದಷ್ಟು ನೋಡಿದೀನಿ” ಎಂದರು ಅವರು, ಬೇಸರದಿಂದಲ್ಲ, ಮರುಕದಿಂದ. “ಆದ್ರೆ ತನ್ನ ಷೆಡ್ಡಿಗೆ ತಾನೇ ನೀರು ತುಂಬ್ಕಂಡೆ ಅನ್ನೋರನ್ನ ನೋಡಿರಲಿಲ್ಲ.” ಹೇಳಿ ಕಾರಿನ ಕಡೆ ನಡೆದರು.

“ತಡೀರಿ ಸಾರ್, ತೋರಿಸ್ತೀನಿ” ಎಂದವನೇ ನೀರಿಗೆ ಇಳಿದು ಪೈಪಿನ ಬಾಯಿಯ ಲುಂಗಿಯನ್ನು ಕಿತ್ತೆ. ಕಟ್ಟಿಕೊಂಡಿದ್ದ ನೀರು ಬುಸುಗುಟ್ಟಿಕೊಂಡು ಆ ತುದಿಯಲ್ಲಿ ಚಿಮ್ಮಿತು. ಆ ತುದಿಯಲ್ಲಿ, ಚರಂಡಿಯ ಪಕ್ಕದಲ್ಲಿ, ಮುರಳಿಕೃಷ್ಣ ಕಾರಿನ ಬಾಗಿಲು ತೆರೆಯುತ್ತ ನಿಂತಿದ್ದರು. ಕೆನೆಬಣ್ಣದ ಪ್ಯಾಂಟಿನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅವರು ಹಾಗೆಯೇ ಹತ್ತಿ ಕೂತರು. ಕಾರು ಬೀದಿಯ ತಿರುವು ದಾಟಿ ಹೋಯಿತು.

ಶೋಭಾ ಮೆಟ್ಟಿಲ ಮೇಲೆ ಕೂತಳು. ಅರಚಾಡುತ್ತಾಳೆ ಎಂದುಕೊಂಡೆ. ಅರಚಾಡಲಿಲ್ಲ.

“ಅಲ್ಲಿ ದೊಡ್ಡ ಮನೆ ನೋಡಿದ್ದೆ ಕಣ್ರೀ” ಎಂದಳು. “ನಿಮ್ ವ್ಯಾಪಾರ ಎಲ್ಲಾ ಫೋನ್ನಾಗೆ ತಾನೆ, ಎಲ್ಲಿದ್ರೇನು. ಈ ಮನೇನ ಇವರಿಗೆ ಕೊಟ್ಟು ನಿಮ್ಮನ್ನ ಕರ್ಕಂಡೋಗಾಣ ಅಂತ ಬಂದೆ.”

ನಾನು ಒದ್ದೆ ಲುಂಗಿಯ ಉಂಡೆಯನ್ನು ಕೈಯಲ್ಲಿ ಹಿಡಿದೇ ಅವಳ ಪಕ್ಕ ಕೂತೆ. “ನೀರು ನಿಲ್ಲಲ್ಲ ಅಂತ ನಿಂಗೆ ಹೆಂಗೊತ್ತು?”

“ನೀರು ಹೋದ ದಿನಾನೇ ಓಬಕ್ಕ ಫೋನ್ ಮಾಡಿದ್ಲು.”

“ಮತ್ತೆ ಕಪ್ಪೆ ಬಣ್ಣ ಯಾಕೆ ಕೇಳ್ದೆ?”

ಅವಳು ನನ್ನ ಕೈಯಿಂದ ಉಂಡೆ ತೆಗೆದುಕೊಂಡು ಹಿಂಡತೊಡಗಿದಳು. “ನೀವು ಹೇಳ್ತಿದ್ರಿ, ನಾನು ಕೇಳ್ತಿದ್ದೆ. ಅಲ್ಲಿ ಬೆಳಗಿಂದ ಸಂಜೆಗಂಟ ಎಲ್ಲಾರೂ ನಂತಾವ ಕುರಿ ಮಾತೇ ಆಡ್ತಾರೆ. ಕಪ್ಪೆ ಮಾತಾಡೋರು ನೀವೊಬ್ರೇ.”

ಬೀಗ ಹಾಕಿ ಹೊರಟುಬಿಡೋಣ ಎಂದೆ. ಅವಳು ಒಪ್ಪಲಿಲ್ಲ. ಹಿಂದಿನ ಬೀದಿಯಲ್ಲಿ ಬೀಗ ಹಾಕಿದ್ದ ಮನೆಯ ನಲ್ಲಿಗಳನ್ನೂ ಕಳ್ಳರು ಬಿಟ್ಟಿರಲಿಲ್ಲ. ಮನೆಗೆ ಜನ ಸಿಕ್ಕುವವರೆಗೆ ನಾನು ಇಲ್ಲಿಯೇ ಇರಬೇಕು ಎಂದು ತೀರ್ಮಾನವಾಯಿತು. ಭಾನುವಾರ ಸಂಜೆ ಅವಳು ಪಾವಗಡದ ದಾರಿ ಹಿಡಿದಳು.

ಜನ ಹುಡುಕುವ ಕೆಲಸವನ್ನು ಮನೆ ಬ್ರೋಕರು ಚಲಪತಿಗೆ ಒಪ್ಪಿಸಿದ್ದೇನೆ. ಅವನು ಕರೆತರುವವರಿಗೇನೂ ಕೊರತೆಯಿಲ್ಲ. ಆದರೆ ಮುರಳಿಕೃಷ್ಣ ಹೇಳಿದ ಮಾತು ಹಿಂದೂಪುರದಲ್ಲಿ ನಮಗಿಂತ ಮುಂಚೆ ತಿರುಗಾಡಿ ಬಂದಿದೆ. ಬಂದವರೆಲ್ಲ ಮೊದಲು ಕೇಳುವುದು “ಬುಗ್ಗೆ ಇರೋ ಷೆಡ್ಡು ಇದೇನಾ?” ಎಂದು. ನಾನು ವಾದಿಸುವುದಿಲ್ಲ. ಒಂದು ಬಕೆಟ್ಟು ನೀರು ತಂದು ಅವರ ಕಣ್ಣೆದುರಿಗೇ ಸುರಿಯುತ್ತೇನೆ. “ನೋಡ್ರಿ, ಹೆಂಗೆ ಹೋಯ್ತಾ ಐತೆ” ಎನ್ನುತ್ತೇನೆ. ನಿಂತವರಿಗೆ ಕುರ್ಚಿ ಹಾಕಿ ಇನ್ನೊಂದು ಬಕೆಟ್ಟು ತರುತ್ತೇನೆ. ಅವರಿಗೆ ನೀರು ಬಂದ ಕತೆ, ಕಟ್ಟೆ ಕಟ್ಟಿದ ಕತೆ, ಎಲ್ಲ ಹೇಳುತ್ತೇನೆ. ಬೇಕಾದರೆ ಕಪ್ಪೆಯದನ್ನೂ.

ಮೊನ್ನೆ ಗೋರಂಟ್ಲದ ಗಂಡಹೆಂಡತಿ ಇಬ್ಬರು ಬಂದಿದ್ದರು. ಒಳ್ಳೆಯ ಜನ. ಬಹಳ ಹೊತ್ತು ಕೂತು ಕೇಳಿದರು. ಅವರನ್ನು ಕಳಿಸಿ ಬಂದ ಚಲಪತಿ ತಲೆ ಕೆರೆಯುತ್ತ ನಿಂತ.

“ಷೆಡ್ಡು ಚೆನ್ನಾಗೈತಂತೆ ಸಾರ್. ಮನೆನೂ ಒಪ್ಪಿಗೇನಂತೆ.”

“ಮತ್ತಿನ್ನೇನಂತೆ?”

“ಓನರು ಒಬ್ರೇ ಇದ್ದೂ ಇದ್ದೂ ಹಿಂಗಾದ್ರಾ, ಇಲ್ಲ ಈ ಮನೇಲಿದ್ದೋರೆಲ್ಲ ಹಿಂಗೇ ಆಗ್ತಾರಾ ಅಂತ ಕೇಳ್ತಾವ್ರೆ.”

ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನೂ ಸುರಿದೆ. ಒಂದು ಹನಿಯೂ ನಿಲ್ಲದೆ ಹೋಯಿತು.