ನುಂಗಿದ ಮೇಲಿನ ಕಥೆ

ನಮ್ಮ ಸೋದರಮಾವನಷ್ಟು ಕಾಫಿಯ ಚಪಲವಿದ್ದ ಮನುಷ್ಯನನ್ನು ರಾಜಾಜಿನಗರ ಕಂಡಿರಲಿಕ್ಕಿಲ್ಲ! ಅವರ ಮನೆ ಇದ್ದದ್ದು ಕಾಮಾಕ್ಷಿಪಾಳ್ಯದಲ್ಲಿ. ಅಲ್ಲೇನು ಕಾಫಿಗೆ ಬರಗಾಲವೇ? ಆದರೂ ದಿನಾ ಬೆಳಿಗ್ಗೆ ಏಳಕ್ಕೆ ಸೈಕಲ್ ತುಳಿದು ರಾಜಾಜಿನಗರದ ನಮ್ಮ ಮನೆಗೇ ಬರುತ್ತಿದ್ದರು. ಅಮ್ಮನಿಗೆ ಕ್ಷಯ ಎಂದು ಗೊತ್ತಾದ ವಾರದಿಂದಲೇ ಈ ಚಪಲ ಶುರುವಾದದ್ದನ್ನು ದಡ್ಡನಾದ ನಾನು ಗಮನಿಸಲಿಲ್ಲ.

ಮಾವ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಮಾತೆಲ್ಲ ರೋಗಾಣುವಿನದೇ. ಉಪ್ಪಿಟ್ಟಿನ ಮುಂದೆಯೂ ಅದೇ ಪುರಾಣ.

“ರಕ್ತದಲ್ಲಿ ಕಾವಲು ಕಾಯೋ ಕಣ ಇರ್ತವೆ ಕಣೋ. ರೋಗಾಣು ಕಂಡ ತಕ್ಷಣ ನುಂಗ್ತವೆ.”

“ಅಲ್ಲಿಗೆ ಸತ್ತಂಗೆ ತಾನೆ ಮಾವ?”

“ಎಲ್ಲಿ ಸಾಯುತ್ತೆ? ಜೀರ್ಣ ಮಾಡೋ ರಸದ ಚೀಲ ಬಂದು ಕೂಡ್ಕೊಂಡ್ರೆ ತಾನೆ? ಈ ಕ್ಷಯದ್ದು ಆ ಚೀಲನ ಹತ್ರಕ್ಕೇ ಬಿಡಲ್ಲ. ಕಾವಲುಗಾರನ ಹೊಟ್ಟೇಲೇ ಸಂಸಾರ ಹೂಡುತ್ತೆ.”

ಆಗಿನ ಕಾಲದ ಪದ್ಧತಿಯಂತೆ ವೈದ್ಯರು ಒಂದೂವರೆ ವರ್ಷ ಮಾತ್ರೆ ಬರೆದಿದ್ದರು. ಮೂರೇ ತಿಂಗಳಿಗೆ ಕೆಮ್ಮು ನಿಂತಿತು. ಲಿಂಗಪೂಜೆ ಮುಗಿಸಿ ಬಂದ ಅಮ್ಮ, “ನಂಗೆ ವಾಸಿಯಾಯ್ತು” ಎಂದು ತೀರ್ಪು ಕೊಟ್ಟರು. ಮಾವ ಒಪ್ಪಲಿಲ್ಲ. ಒಳಗೆ ಅವಿತದ್ದು ಮತ್ತೆ ಎದ್ದರೆ ಅಕ್ಕನನ್ನು ಉಳಿಸಿಕೊಳ್ಳುವುದು ಕಷ್ಟವೆಂದು ಅವರಿಗೆ ಗೊತ್ತಿತ್ತು. ಎದುರಿಗೇ ಕೂತು ನುಂಗಿಸತೊಡಗಿದರು. ಅಮ್ಮನೂ ತಲೆಯೆತ್ತಿ, ನೀರು ಕುಡಿದು, ಬಾಯಿ ಒರೆಸಿಕೊಳ್ಳುತ್ತಿದ್ದರು. ಎಂಥ ವಿಧೇಯ ರೋಗಿ!

ಒಂದು ದಿನ ಅಂಗಳದ ದಾಸವಾಳದ ಕುಂಡದಲ್ಲಿ ಬಿಳಿಯದೇನೋ ಕಂಡು ಮಾವ ಕೆದಕಿದರು. ಮಣ್ಣಿನ ತುಂಬ ಮಾತ್ರೆ.

“ಏನಕ್ಕ ಇದು?”

“ನುಂಗಿದ ಮಾತ್ರಕ್ಕೆ ಕಥೆ ಮುಗಿಯಲ್ಲ ಅಂತ ನೀನೇ ಅಲ್ವೇನೋ ಪಾಠ ಮಾಡಿದ್ದು?”

ಗುರುವಿಗೇ ತಿರುಮಂತ್ರ! ಮಾವ ನಗಲಿಲ್ಲ. ಕಣ್ಣು ಒದ್ದೆಯಾಗಿತ್ತು. ಮರುದಿನದಿಂದ ಮಾತ್ರೆಯ ಬೆನ್ನಿಗೇ ಅಮ್ಮ ಒಂದು ವಚನ ಗಟ್ಟಿಯಾಗಿ ಹೇಳಬೇಕಾಯಿತು. ನಾಲಿಗೆಯಡಿ ಮಾತ್ರೆ ಇಟ್ಟುಕೊಂಡು ವಚನ ಹೇಳುವುದುಂಟೆ? ಅಮ್ಮ ಸೋತರು.

ಕೊನೆಗೆ ಒಂದೂವರೆ ವರ್ಷ ತುಂಬಿತು. ಎಕ್ಸ್‌ರೇ ನೋಡಿದ ವೈದ್ಯರು ಮಾತ್ರೆ ನಿಲ್ಲಿಸಿದರು. ಮರುದಿನ ಏಳು ಹೊಡೆಯಿತು, ಎಂಟೂ ಆಯಿತು, ಮಾವ ಬರಲಿಲ್ಲ. ಅವರ ಲೋಟದ ಕಾಫಿಗೆ ಕೆನೆ ಕಟ್ಟಿತು.

“ಹೋಗಿ ಕರ್ಕೊಂಡು ಬಾ” ಎಂದರು ಅಮ್ಮ. “ಇನ್ನೊಂದು ಮಾತ್ರೆ ಉಳ್ದಿದೆಯಂತೆ, ನೀವು ಬರದೆ ನುಂಗಲ್ವಂತೆ ಅಂತ ಹೇಳು.”

ನಾನು ಹೋಗಿ ಕಾಫಿ ಆರುತ್ತಿದೆ ಎಂದಾಗ ಅತ್ತೆ ನಕ್ಕುಬಿಟ್ಟರು. “ಇವ್ರಿಗೆ ಕಾಫಿನಾ? ಕುಡಿದ್ರೆ ಹೊಟ್ಟೆ ಉರಿ ಅಂತ ನಮ್ಮನೇಲಿ ಮುಟ್ಟೋದೇ ಇಲ್ಲವಲ್ಲೋ!”

ಅಮ್ಮನ ಮಾತು ಹೇಳಿದೆ. ಉಳಿದ ಮಾತ್ರೆ ಯಾವುದೂ ಇಲ್ಲವೆಂದು ಮಾವನಿಗೆ ಗೊತ್ತಿತ್ತು. ಆದರೂ ಚಪ್ಪಲಿ ಮೆಟ್ಟಿ ಸೈಕಲ್ ತೆಗೆದರು.