ತೊಗರಿಕೆರೆಯ ಕಟ್ಟೆಕಾಳಗ

ಓ ವಾಗ್ದೇವಿಯೇ, ಶ್ವೇತಪದ್ಮಾಸನೆಯೇ, ಒಮ್ಮೆ ಆ ವೀಣೆಯನ್ನು ಕೆಳಗಿಟ್ಟು ತಮಟೆಯನ್ನು ಕೈಗೆತ್ತಿಕೊ. ತೊಗರಿಕೆರೆ ಪುರಸಭೆಯ ಮಾರುಕಟ್ಟೆಯ ಗದ್ದಲದಲ್ಲಿ ವೀಣೆ ಯಾರ ಕಿವಿಗೂ ಬೀಳದು. ಕೃತಯುಗವಲ್ಲ, ತ್ರೇತೆಯಲ್ಲ, ದ್ವಾಪರವೂ ಅಲ್ಲ. ಬೀದಿದೀಪಗಳು ಹಗಲೆಲ್ಲ ಉರಿದು ರಾತ್ರಿ ವಿಶ್ರಮಿಸುತ್ತಿದ್ದ, ಊರಿನ ಪ್ರತಿಯೊಬ್ಬ ಪುಢಾರಿಯೂ ಫ್ಲೆಕ್ಸಿನ ಮೇಲೆ ಕೈಮುಗಿದು ನಿಂತಿದ್ದು ನೆಲದ ಮೇಲೆ ಮಾತ್ರ ಯಾರಿಗೂ ಕೈಮುಗಿಯದಿದ್ದ ಪುಣ್ಯಕಾಲವದು. ಆ ಕಾಲದಲ್ಲಿ ಕನಕಾಂಬರಕರಂಡಧಾರಿಣಿಯೂ, ಮಲ್ಲಿಕಾಮಾಲಾನಿರ್ಮಾಣನಿಪುಣೆಯೂ, ಆಜಾನುಬಾಹುವೂ ಆದ ವೈಜಯಂತಿಯೆಂಬ ವೀರರಮಣಿ ಒಂದು ಸಿಮೆಂಟಿನ ಕಟ್ಟೆಗಾಗಿ ಹೂಡಿದ ಸಮರವನ್ನು ನನ್ನ ನಾಲಗೆಯಿಂದ ಹಾಡಿಸು.

ಆಜಾನುಬಾಹು ಎಂದದ್ದು ಬರಿಯ ವರ್ಣನೆಯಲ್ಲ. ತೊಗರಿಕೆರೆಯಲ್ಲಿ ಹೂವನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ; ಮೊಳವೆಂದರೆ ಮಾರುವವರ ಮೊಣಕೈಯಿಂದ ಬೆರಳ ತುದಿಯವರೆಗೆ. ಗಂಡಾಗಿ ಹುಟ್ಟಿ, ಹೆಣ್ಣೆಂದು ತನ್ನನ್ನು ತಾನೇ ಅರಿತು, ಅಪ್ಪ ಇಟ್ಟ ಹೆಸರನ್ನು ಅಪ್ಪನ ಮನೆಯಲ್ಲೇ ಬಿಟ್ಟು ಬಂದಿದ್ದ ವೈಜಯಂತಿಯ ಮೊಳ ಉಳಿದ ಹೂವಾಡಗಿತ್ತಿಯರ ಮೊಳಕ್ಕಿಂತ ಒಂದು ಗೇಣು ಉದ್ದ. ಆದ್ದರಿಂದ ಊರಿನ ಜಾಣೆಯರೆಲ್ಲ ಅವಳನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಹುಡುಕಿಕೊಂಡೇ ಹೋಗಬೇಕಿತ್ತು, ಏಕೆಂದರೆ ಅವಳಿಗೆ ಮಾರುಕಟ್ಟೆಯೊಳಗೆ ಜಾಗವಿರಲಿಲ್ಲ.

ಪುರಸಭೆಯವರು ಹೊಸ ಮಾರುಕಟ್ಟೆಯನ್ನು ಕಟ್ಟಿಸಿದಾಗ ಎಡಕ್ಕೆ ಹೆಂಗಸರ ಸಾಲು, ಬಲಕ್ಕೆ ಗಂಡಸರ ಸಾಲು ಎಂದು ಕಟ್ಟೆಗಳನ್ನು ಹಂಚಿದ್ದರು. ಈ ದಿಗ್ವಿಭಜನೆಯ ದ್ವಾರಪಾಲಕನೇ ಮಾರುಕಟ್ಟೆಯ ಮೇಸ್ತ್ರಿ ಓಬಳೇಶ. ಬೆತ್ತಪಾಣಿಯೂ ಗುಟ್ಕಾಗರ್ಭಿತಗಂಡಸ್ಥಲನೂ ಆದ ಅವನ ಮುಂದೆ ವೈಜಯಂತಿ ಬುಟ್ಟಿ ಹೊತ್ತು ನಿಂತಳು.

"ಈ ಕಡೆ ಹೆಂಗಸ್ರು, ಆ ಕಡೆ ಗಂಡಸ್ರು. ನೀನು ಯಾವ್ ಕಡೆ?"

"ಹೆಂಗಸ್ರ ಕಡೆ ಅಣ್ಣ."

"ಅವ್ರು ಒಪ್ಪಲ್ಲ."

"ಹಂಗಾರೆ ಗಂಡಸ್ರ ಕಡೇನೇ ಕೂರ್ತೀನಿ. ಹೂವಿಗೇನು, ಎಲ್ಲಿದ್ರೂ ಗಮ್ ಅಂತದೆ."

"ಸೀರೆ ಉಟ್ಕಂಡು ನೀನಲ್ಲಿ ಕೂತ್ರೆ ಈರುಳ್ಳಿಯೋರು ಈರುಳ್ಳಿ ಮಾರ್ತಾರಾ, ನಿನ್ನೇ ನೋಡ್ತಾ ಕೂರ್ತಾರಾ?"

"ನೋಡ್ಲಿ ಬಿಡಣ್ಣ. ಈರುಳ್ಳಿ ನೋಡಿ ನೋಡಿ ಅತ್ತಿದ್ದು ಸಾಕಾಗಿರ್ತದೆ."

ಸುತ್ತಲಿನವರು ನಕ್ಕರು. ಓಬಳೇಶ ನಗಲಿಲ್ಲ. ಬೆತ್ತ ಗೇಟಿನ ಕಡೆ ತೋರಿಸಿತು.

ಹೀಗೆ ನಮ್ಮ ವೀರರಮಣಿ ಗೇಟಿನಾಚೆ ಚರಂಡಿಯ ಚಪ್ಪಡಿಯ ಮೇಲೆ ಸಿಂಹಾಸನಾರೂಢೆಯಾದಳು. ನೆತ್ತಿಯ ಮೇಲೆ ಸೂರ್ಯನಾರಾಯಣ, ಕಾಲಡಿಯಲ್ಲಿ ಸಮಸ್ತ ಊರಿನ ಕೊಚ್ಚೆ. ಮಧ್ಯಾಹ್ನದೊಳಗೆ ಮಲ್ಲಿಗೆ ಕಂದುತ್ತಿತ್ತು. ಕಂದಿದ ಹೂವನ್ನು ಎಷ್ಟು ಉದ್ದ ಅಳೆದರೇನು? ಹೂವು ಹೋಗದಿದ್ದರೆ ಅವಳು ಮತ್ತೆ ಹೆದ್ದಾರಿಯ ಟೋಲ್ ಗೇಟಿಗೆ ಹೋಗಬೇಕು, ಲಾರಿಗಳ ಕಿಟಕಿಯ ಕೆಳಗೆ ಚಪ್ಪಾಳೆ ತಟ್ಟಿ ಕೈಚಾಚಬೇಕು. ಆ ಬದುಕಿನಿಂದ ಎದ್ದು ಬಂದೇ ಅವಳು ಬುಟ್ಟಿ ಹೊತ್ತದ್ದು. ಅಲ್ಲಿಗೆ ಮರಳುವುದಿಲ್ಲವೆಂದು ಕನಕಾಂಬರದ ಮೇಲೆ ಕೈಯಿಟ್ಟು ಆಣೆ ಮಾಡಿದ್ದಳು.

ಆಗ ಸೇನೆ ಕೂಡಿತು. ಸೇನೆಯೆಂದರೆ ಅಕ್ಷೌಹಿಣಿಯೇನಲ್ಲ. ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಾರೆಂಬ ಕಾರಣಕ್ಕೆ ಪುರಸಭೆಯ ಮಳಿಗೆಯಿಂದ ಎಬ್ಬಿಸಲ್ಪಟ್ಟಿದ್ದ ಟೈಲರ್ ಜೋಡಿ ನಾಗಭೂಷಣ ಮತ್ತು ಇಮ್ತಿಯಾಜ್, ಅವರ ಹಿಂದೆ ಒಂದು ಹೊಲಿಗೆ ಯಂತ್ರ. ಸೇನಾನಿಯಾಗಿ ಪುರಸಭೆಯ ಸದಸ್ಯೆ ಜಯಶೀಲಮ್ಮ. ಬಸ್ ಸ್ಟ್ಯಾಂಡಿನ ಹಿಂದೆ ಊಟದ ಮೆಸ್ ನಡೆಸುತ್ತಿದ್ದ ಈ ಸಾರುಸಾಗರಮಥನಪಟು, ಸೌಟು ಹಿಡಿದ ಕೈಯಲ್ಲೇ ನಿರ್ಣಯ ಬರೆಸಿದಳು: ಪುರಸಭೆಯ ಕಟ್ಟೆ, ಮಳಿಗೆ, ನಲ್ಲಿ, ಶೌಚಾಲಯ, ಕೆಲಸ ಇವು ಯಾವುದರಲ್ಲಿಯೂ ಗಂಡೋ ಹೆಣ್ಣೋ ಬೇರೆಯೋ ಎಂದಾಗಲಿ, ಯಾರು ಯಾರನ್ನು ಪ್ರೀತಿಸಿ ಬಾಳುತ್ತಾರೆ ಎಂದಾಗಲಿ ಯಾರಿಗೂ ಭೇದ ಮಾಡತಕ್ಕದ್ದಲ್ಲ.

ನಿರ್ಣಯಕ್ಕೆ ಎದುರಾಗಿ ನಿಂತವನು ಗಂಗಹನುಮಯ್ಯ. ಗುದ್ದಲಿಪೂಜಾಧುರಂಧರ, ರಿಬ್ಬನ್‌ಛೇದನಕೋವಿದ, ಸನ್ಮಾನಶಾಲುಸಹಸ್ರಾಚ್ಛಾದಿತಭುಜ. ಪುರಸಭೆಯ ಅರ್ಧ ಸದಸ್ಯರು ಅವನ ಹಿಂದೆ ಕೂರುತ್ತಿದ್ದರು, ಅವನು ಕೆಮ್ಮಿದರೆ ಕೆಮ್ಮುತ್ತಿದ್ದರು.

ಇಲ್ಲಿ ಆ ಸಭೆಯ ಯುದ್ಧಧರ್ಮವನ್ನು ಹೇಳಬೇಕು. ಕೈ ಎತ್ತಿ ಒಪ್ಪಿಗೆ ಕೊಡುವ ಪದ್ಧತಿ ಅಲ್ಲಿ ಎಂದೋ ತಪ್ಪಿಹೋಗಿತ್ತು. ವಿಷಯ ಓದಿದ ಮೇಲೆ, ಅದನ್ನು ತಂದವರನ್ನು ಬಿಟ್ಟು ಉಳಿದ ಸದಸ್ಯರು ಮೇಜು ಕುಟ್ಟಿದರೆ ಒಪ್ಪಿಗೆ. ಸುಮ್ಮನಿದ್ದರೆ ವಿಷಯ ಮುಂದಿನ ಸಭೆಗೆ. ಗಂಗಹನುಮಯ್ಯ ಮಹಾಯೋಧನಾದರೂ ಈ ನಿರ್ಣಯದ ಮೇಲೆ ಒಂದು ಬಾಣವನ್ನೂ ಬಿಟ್ಟಿರಲಿಲ್ಲ. ವಿಷಯ ಬಂದಾಗಲೆಲ್ಲ ಕೈಕಟ್ಟಿ ಕಣ್ಣುಮುಚ್ಚಿ ಕೂರುತ್ತಿದ್ದ. ಹಿಂದಿನವರೂ ಕಣ್ಣುಮುಚ್ಚುತ್ತಿದ್ದರು, ಕೆಲವರು ಹಾಗೆಯೇ ನಿದ್ದೆಹೋಗುತ್ತಿದ್ದರು; ಅವನನ್ನು ಎದುರುಹಾಕಿಕೊಂಡು ಕುಟ್ಟುವ ಧೈರ್ಯ ಉಳಿದರ್ಧಕ್ಕೂ ಇರಲಿಲ್ಲ. ಸಭೆಯ ಮೇಲೆ ಸಭೆ ಕಳೆಯಿತು. ನಿರ್ಣಯ ಬೇಡವೆಂದು ಯಾರೂ ಹೇಳಲಿಲ್ಲ, ಬೇಕೆಂದೂ ಹೇಳಲಿಲ್ಲ.

ಜಯಶೀಲಮ್ಮ ಮೆಸ್ಸಿನಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತ ಯೋಚಿಸಿದಳು.

"ಅವನು ಸುಮ್ನಿದ್ರೆ ನಾವು ಕೆಟ್ವಿ ಕಣೇ ವೈಜಯಂತಿ. ಅವನ ಬಾಯಿ ಬಿಡಿಸ್ಬೇಕು. ಭಾಷಣ ಮಾಡೋವಾಗ ನೋಡಿದೀಯಾ? ಬಾಯಿ ಬಂದ್ರೆ ಕೈ ಸುಮ್ಕಿರಲ್ಲ ಅವಂದು. ಎದುರಿಗೆ ಏನಿದ್ರೂ ಕುಟ್ತಾನೆ. ಹೋದ ವರ್ಷ ಮದುವೆ ಊಟದಲ್ಲಿ ನನ್ ಪಾಯಸದ ಪಾತ್ರೆ ಬೀಳಿಸ್ದ."

"ಅವ್ರ ಕೈಲಿ ಬಾಯಿ ಬಿಡ್ಸೋದು ಹೆಂಗಕ್ಕ?"

"ಅದ್ ನಂಗೂ ತಿಳೀದು. ನೀನು ನಾಳೆ ಚೆನ್ನಾಗಿರೋ ಸೀರೆ ಉಟ್ಕಂಡ್ ಬಾ."

ಮರುದಿನ ರಣಾಂಗಣ ಸಜ್ಜಾಯಿತು. ಅಂದೇ ಗಂಗಹನುಮಯ್ಯನ ಹುಟ್ಟುಹಬ್ಬ. ಹಿಂಬಾಲಕರು ಹಾಕಿದ ಚೆಂಡುಹೂವಿನ ಹಾರವನ್ನು ತೆಗೆಯದೆ, ತೊಡೆಯವರೆಗೆ ಇಳಿಬಿಟ್ಟುಕೊಂಡೇ ಅವನು ಸಭೆಯನ್ನು ಪ್ರವೇಶಿಸಿದ. ಮೊದಲು ಅವನ ವಾರ್ಡಿನ ಚರಂಡಿ ಕಾಮಗಾರಿ ಬಂತು. ಅವನು ಒಮ್ಮೆ ಕುಟ್ಟಿದ, ಹಿಂದಿನವರು ಕುಟ್ಟಿದರು, ಜಯಶೀಲಮ್ಮನೂ ಕುಟ್ಟಿದಳು, ಚರಂಡಿ ಮಂಜೂರಾಯಿತು. ಆಮೇಲೆ ಮುಖ್ಯಾಧಿಕಾರಿ ವೈಜಯಂತಿಯ ನಿರ್ಣಯವನ್ನು ಓದಿದರು. ಗಂಗಹನುಮಯ್ಯ ಕೈಕಟ್ಟಿದ. ಹದಿನಾರು ಕಣ್ಣುಗಳು ಮುಚ್ಚಿಕೊಂಡವು.

ಅಧ್ಯಕ್ಷ ಪಂಚಾಕ್ಷರಿ ಆಕಳಿಸಿದರು. "ಯಾರೂ ಕುಟ್ಲಿಲ್ಲ. ಹಂಗಾದ್ರೆ ಮುಂದಿನ..."

"ಅಧ್ಯಕ್ಷರೇ, ಆ ಹೆಣ್ಣುಮಗಳು ಎಷ್ಟ್ ಸಲ ಬಂದು ಕೂತು ಎದ್ದು ಹೋಗವ್ಳೆ. ಒಂದ್ ಮಾತು ಹೇಳ್ಲಿ" ಎಂದಳು ಜಯಶೀಲಮ್ಮ.

ಪಂಚಾಕ್ಷರಿ ತಲೆಯಾಡಿಸಿದರು. ಹಿಂದಿನ ಬೆಂಚಿನಿಂದ ವೈಜಯಂತಿ ಎದ್ದಳು. ಅವಳ ರೇಷ್ಮೆ ಸೀರೆ ಸರಸರನೆ ಉಲಿಯಿತು. ಆಗ ಅವಳು ಸಿಂಹಿಣಿಯಂತೆ ಗರ್ಜಿಸಿ, "ಎಲೈ ಸದಸ್ಯೋತ್ತಮನೇ, ನಿನ್ನ ಮೌನಕವಚವನ್ನು ಭೇದಿಸದೆ ಇಂದು ನಾನು ಈ ಭವನದಿಂದ ಕದಲೆನು! ಎನ್ನ ಬಾಹುದೈರ್ಘ್ಯವನ್ನು ಈ ಪುರವೇ ಅರಿಯುವುದು!" ಎಂದಳೆಂದು ಮುಂದಿನ ಕವಿಗಳು ಬರೆದಾರು. ಅವಳು ಅಂದದ್ದು ಇಷ್ಟು:

"ಸಾ, ನಿಮ್ ಕತ್ತಲ್ಲಿರೋ ಹಾರ ನಾನೇ ಕಟ್ಟಿದ್ದು. ಬೆಳಿಗ್ಗೆ ನಿಮ್ ಹುಡುಗ್ರು ಚರಂಡಿ ಹತ್ರ ಬಂದು ತಗಂಡೋದ್ರು. ನಾನು ಕಟ್ಟಿದ್ದು ನಿಮ್ಮ ಎದೆ ಮೇಲೆ ಕೂರಬಹುದಂತೆ. ನಾನು ಒಂದು ಕಲ್ಲಿನ ಮೇಲೆ ಕೂರಬಾರದಂತೆ. ಅದ್ಯಾಕೆ ಅಂತ ಹೇಳ್ಬಿಡಿ ಸಾ, ಹೊಂಟೋಗ್ತೀನಿ."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮುಖ್ಯಾಧಿಕಾರಿ ಮುಖಕ್ಕೆ ಕಾಗದ ಅಡ್ಡ ಹಿಡಿದರು. ಗಂಗಹನುಮಯ್ಯ ತನ್ನ ಎದೆಯನ್ನು ನೋಡಿಕೊಂಡ. ಹಾರವನ್ನು ತೆಗೆಯೋಣವೆಂದರೆ ಸೋತಂತೆ. ಬಿಡೋಣವೆಂದರೆ ಅವಳು ಕಟ್ಟಿದ ಹಾರ. ಕಟ್ಟಿದ್ದ ಕೈ ಬಿಚ್ಚಿಕೊಂಡಿತು.

"ಯಾರ್ರೀ ಅದು ನಗೋದು!" ಎಂದು ಎದ್ದವನೇ ಮೇಜಿಗೆ ಗುದ್ದಿದ.

ಧಬ್!

ಹಿಂದಿನವರು ನಿದ್ದೆಯಿಂದ ಬೆಚ್ಚಿದರು. ವಿಷಯ ಯಾವುದೆಂದು ಅವರಿಗೆ ತಿಳಿಯದು, ಅಣ್ಣ ಕುಟ್ಟಿದ್ದು ಮಾತ್ರ ಕೇಳಿಸಿತ್ತು. ಧಬ ಧಬ ಧಬ ಎಂದು ಅವರೂ ಕುಟ್ಟಿದರು.

"ಇದು ಆಗೋ ಮಾತಲ್ಲ!" ಧಬ್! "ನಾನ್ ಇರೋವರ್ಗೂ ಆಗಲ್ಲ!" ಧಬ್! "ನಮ್ ಊರಿನ ಮರ್ಯಾದೆ ಏನಾಗ್ಬೇಕು!" ಧಬ್! ಧಬ್!

ಪ್ರತಿ ಗುದ್ದಿಗೂ ಚೆಂಡುಹೂವಿನ ಎಸಳುಗಳು ದೇವತೆಗಳೇ ಸುರಿಸಿದಂತೆ ಮೇಜಿನ ಮೇಲೆ ಉದುರಿದವು. ಪ್ರತಿ ಗುದ್ದಿಗೂ ಹಿಂದಿನಿಂದ ಪ್ರತಿಧ್ವನಿ ಎದ್ದಿತು. ನೀರಿನ ಲೋಟ ನರ್ತಿಸಿತು, ಗೋಡೆಯ ಗಡಿಯಾರ ವಾಲಿತು.

"ಲೇ, ನೀವ್ಯಾಕ್ರೋ ಕುಟ್ತೀರಾ! ಕುಟ್ಬೇಡ್ರೋ!" ಎಂದು ಅವನು ತಿರುಗಿ ಗುದ್ದಿದ. ಅಣ್ಣನಿಗೆ ಇಷ್ಟು ಬೇಕಾದ ವಿಷಯ ಇದೇನೋ ಇರಬೇಕೆಂದು ಅವರು ಎರಡೂ ಕೈಯಲ್ಲಿ ಕುಟ್ಟಿದರು.

ಪಂಚಾಕ್ಷರಿ ಎಚ್ಚೆತ್ತರು. "ನಾನು ಅಧ್ಯಕ್ಷ ಆದ ಮೇಲೆ ಯಾವ ವಿಷಯಕ್ಕೂ ಇಷ್ಟು ಜೋರಾಗಿ ಕುಟ್ಟಿರಲಿಲ್ಲ ಕಣ್ರೀ. ಸರ್ವಾನುಮತದಿಂದ ಅಂಗೀಕಾರ. ಮುಂದಿನದು ಓದ್ರಿ."

"ಏ, ನಾನ್ ಕುಟ್ಟಿದ್ದು ಕೋಪಕ್ಕೆ! ಒಪ್ಪಿಗೆಗಲ್ಲ!"

ಜಯಶೀಲಮ್ಮ ಸೆರಗು ಸರಿಮಾಡಿಕೊಂಡು ಬಲು ಮೆಲ್ಲಗೆ ಎದ್ದಳು. "ಹೌದಾ ಗಂಗಹನುಮಣ್ಣ? ಹಂಗಾರೆ ಅಧ್ಯಕ್ಷರೇ, ಆಗ್ಲೇ ಚರಂಡಿಗೆ ಕುಟ್ಟಿದ್ರಲ್ಲ, ಅದು ಒಪ್ಪಿಗೆಗೋ ಕೋಪಕ್ಕೋ ಅಂತ ಒಬ್ಬೊಬ್ಬರನ್ನೇ ಕೇಳಿ ಮತ್ತೆ ಬರೆಸಿ. ನಾನಂತೂ ಕೋಪಕ್ಕೇ ಕುಟ್ಟಿದ್ದು."

ಮಹಾಯೋಧನ ಕಣ್ಣ ಮುಂದೆ ಅವನ ವಾರ್ಡಿನ ಚರಂಡಿ ಹರಿದುಹೋಯಿತು. ಅದರ ಕಂಟ್ರಾಕ್ಟು ಅವನ ಸ್ವಂತ ಭಾವಮೈದನದು. ಅವನು ಊರಿನ ಮರ್ಯಾದೆಯನ್ನೊಮ್ಮೆ ತೂಗಿದ, ಭಾವಮೈದನನ್ನೊಮ್ಮೆ ತೂಗಿದ.

"ಬರ್ಕಳ್ರೀ ಅತ್ಲಾಗೆ" ಎಂದು ಕುಳಿತ.

ಹಿಂದಿನ ಬೆಂಚಿನಲ್ಲೇ ಕೂತಿದ್ದ ಇಮ್ತಿಯಾಜ್ ಅಲ್ಲಿಯೇ ನಾಗಭೂಷಣನ ಕೈ ಹಿಡಿದ, ಈಗ ಹಿಡಿಯಬಹುದಲ್ಲ! ಇಬ್ಬರೂ ಓಡಿಹೋಗಿ ಮಳಿಗೆಯ ಬೀಗದ ಕೈ ಕೇಳಿದರು. ಬೀಗದ ಕೈ ಯಾರ ಬಳಿ ಇದೆಯೆಂದು ಪುರಸಭೆಯವರು ಇಂದಿಗೂ ಹುಡುಕುತ್ತಿದ್ದಾರೆ. ಅವರಿಬ್ಬರು ಪ್ರತಿದಿನವೂ ಹೋಗಿ ಕೇಳುತ್ತಿದ್ದಾರೆ.

ವೈಜಯಂತಿಯಾದರೋ ಬುಟ್ಟಿಯನ್ನು ಕಿರೀಟದಂತೆ ತಲೆಯ ಮೇಲಿಟ್ಟು, ಗೇಟನ್ನು ದಾಟಿ, ಜಯಘೋಷ ಕೇಳಿಸದಿದ್ದರೂ ಕೇಳಿಸಿತೆಂದುಕೊಂಡು ಮಾರುಕಟ್ಟೆಯನ್ನು ಪ್ರವೇಶಿಸಿದಳು. ಓಬಳೇಶ ಬೆತ್ತದಿಂದ ಹೆಂಗಸರ ಸಾಲಿನ ಒಂದು ಕಟ್ಟೆಯನ್ನು ತೋರಿಸಿ ಬೇರೆ ಕಡೆ ನೋಡಿದ. ಯಾವುದಕ್ಕಾಗಿ ಸಭಾಭವನ ನಡುಗಿತೋ, ಲೋಟ ನರ್ತಿಸಿತೋ, ಆ ಕಟ್ಟೆ ಒಂದು ಚಾಪೆಯಷ್ಟೂ ಅಗಲವಿರಲಿಲ್ಲ. ಒಂದು ಬದಿಗೆ ವಾಲಿತ್ತು. ಮೇಲಿನ ತಗಡಿಗೆ ತೂತಿತ್ತು.

ಅವಳು ಕೂತಳು. ಸಾಲಿನ ಹೆಂಗಸರು ಮಾತು ನಿಲ್ಲಿಸಿದರು. ಚರಂಡಿಯ ಮೇಲಿದ್ದಷ್ಟು ಕಾಲ ಅವರಲ್ಲಿ ಒಬ್ಬಳೂ ಅವಳನ್ನು ಮಾತಾಡಿಸಿರಲಿಲ್ಲ. ಎದುರಾದರೆ ಸೆರಗು ಎಳೆದುಕೊಂಡು ಸರಿದುಹೋಗುತ್ತಿದ್ದರು. ಅಂಥ ಮೌನವನ್ನು ಮುರಿಯುವ ನಿರ್ಣಯ ಯಾವ ಪುರಸಭೆಯಲ್ಲಿಯೂ ಇಲ್ಲ. ಅವಳು ತಲೆ ತಗ್ಗಿಸಿ ಹೂವಿಗೆ ನೀರು ಚಿಮುಕಿಸಿದಳು.

"ಏಯ್."

ಪಕ್ಕದ ಕಟ್ಟೆಯ ಸೊಪ್ಪಿನ ದೊಡ್ಡೀರಮ್ಮ. ಇಡೀ ಸಾಲೇ ಹೆದರುವ ಬಾಯಿ.

"ನಿನ್ ಬುಟ್ಟಿ ನನ್ ಕಡೀಕ್ ಬಂದೈತೆ. ತೆಗಿ ಅತ್ಲಾಗೆ."

ವೈಜಯಂತಿ ನೋಡಿದಳು. "ನಾಕ್ ಬೆರಳು ಅಲ್ವೇನಕ್ಕ?"

"ನಾಕ್ ಬೆರಳಲ್ಲಿ ನಾನು ಎರಡ್ ಕಟ್ಟು ಕೊತ್ತಂಬರಿ ಇಡ್ತೀನಿ. ಪುರಸಭೆಯೋರು ನಿಂಗೆ ನಿನ್ ಕಟ್ಟೆ ಕೊಟ್ಟವ್ರೆ, ನನ್ ಕಟ್ಟೆ ಕೊಟ್ಟಿಲ್ಲ."

"ನಿನ್ ಮೆಂತ್ಯೆ ನೀರು ನನ್ ಸೀರೆ ಮೇಲೆ ಸೋರ್ತೈತಲ್ಲ, ಅದುಕ್ಕೇನಂತೀಯ?"

"ಓಹೋ, ಬಂದ್ ಗಳಿಗೇಲೆ ಶುರು ಹಚ್ಕಂಡ್ಲು! ನೋಡ್ರೇ ಇವಳನ್ನ!"

ಸಾಲೆಲ್ಲ ಸೇರಿಕೊಂಡಿತು. ಕೆಲವರು ದೊಡ್ಡೀರಮ್ಮನ ಪಕ್ಷ; ದೊಡ್ಡೀರಮ್ಮನ ಮೇಲೆ ಹಳೆಯ ಸಿಟ್ಟಿದ್ದವರು ವೈಜಯಂತಿಯ ಪಕ್ಷ. ವಾಗ್ಬಾಣಗಳು ಬದನೆಕಾಯಿಗಳ ಮೇಲೆ ಹಾರಾಡಿದವು. ನಮ್ಮ ವೀರರಮಣಿ ಕಣ್ಣಲ್ಲಿ ನೀರು ತುಂಬಿಕೊಂಡು, ಅದು ಈರುಳ್ಳಿಯದೆಂದು ಸುಳ್ಳು ಹೇಳುತ್ತ, ಗಂಟಲು ಹರಿಯುವಂತೆ ಜಗಳವಾಡಿದಳು. ಬಿಸಿಲು ಇಳಿಯುವ ಹೊತ್ತಿಗೆ ಎರಡು ಬೆರಳಿಗೆ ಸಂಧಿಯಾಯಿತು.

ದೊಡ್ಡೀರಮ್ಮ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು. "ಕೂಗಿ ಕೂಗಿ ಗಂಟ್ಲು ಒಣಗೋಯ್ತು. ಕಾಫಿ ಕುಡ್ದು ಬತ್ತೀನಿ. ಸೊಪ್ಪು ನೋಡ್ಕಂತಿರು. ಹಸ ಬತ್ತದೆ."

ಅವಳು ಆಚೆ ಹೋದಳು, ಹಸು ಬಂತು. ಮೌನಕವಚಭೇದಿನಿಯೂ ಸಭಾಕ್ಷೋಭಕಾರಿಣಿಯೂ ಆದ ವೈಜಯಂತಿ ಕಟ್ಟೆಯಿಂದ ಕೆಳಗಿಳಿದು, ಸೀರೆ ಎತ್ತಿಕಟ್ಟಿ, "ಹೊಯ್, ಹೊಯ್" ಎನ್ನುತ್ತ ಇನ್ನೊಬ್ಬಳ ಕೊತ್ತಂಬರಿಯನ್ನು ಕಾಯತೊಡಗಿದಳು.